ಹೆಕ್ಟೇರಿಗೆ ಆರು ಗಿಡ, ಬಚ್ಚಲಿಗೆ ಹೋದ ಕೋಷ್ಟಕ

ನನ್ನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಲೆಕ್ಕ ಎಲ್ಲಾ ಬರ್ತದ್ರೀ ನನಗ. ಆದ್ರೂ ಸಾಹೇಬ್ರು ದಿನಾ ಬೈತಾರ. ಯಾಕಂತ ತಿಳೀವಲ್ದು" ಅಂದಳು.

"ಲೆಕ್ಕ ಮಾಡಿದ ಮ್ಯಾಲೆ ಅದು ಕಾಗದದಾಗ ಹೆಂಗ ಕಾಣ್ತದ ನೋಡಿದ್ದೀಯೇನವಾ?" ಅಂತ ಕೇಳಿದೆ. "ಅದನ್ನ ಯಾಕ ನೋಡ್ಬೇಕ್ರೀ?" ಅಂದಳು. ಅವಳಿಗೂ ಅವಳ ಹಿಂದೆ ಬರುವವರಿಗೂ ಉಪಯೋಗಕ್ಕೆ ಬಂದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಜಗದೇವಿ. ಕಲಬುರಗಿಯ ಒಂದು ಕೃಷಿ ಸಂಶೋಧನಾ ಕೇಂದ್ರದ ಅಂಕಿಅಂಶ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಹೊಲಕ್ಕೆ ಹೋದವರು ತೂಕ, ಎತ್ತರ, ಕಾಯಿ ಎಣಿಕೆ ಬರೆದು ತರುತ್ತಿದ್ದರು. ಯಾವ ತಳಿ ಮೇಲು, ಯಾವ ಪದ್ಧತಿ ಮೇಲು, ಆ ಮೇಲುತನ ನಿಜವೋ ಬರೀ ಅದೃಷ್ಟವೋ ಎಂದು ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ನಾನು ಸೇರಿದಾಗ ಕೈಯಲ್ಲಿ ಕ್ಯಾಲ್ಕ್ಯುಲೇಟರ್, ಮುಂದೆ ಚಾಪೆಯಷ್ಟು ಅಗಲದ ಹಾಳೆ. ಲೆಕ್ಕಕ್ಕೆ ವಾರ ಹಿಡಿಯುತ್ತಿತ್ತು, ಆದರೆ ಬರೆದದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಕಂಪ್ಯೂಟರ್ ಬಂದ ಮೇಲೆ ಲೆಕ್ಕ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯುತ್ತದೆ. ಅದನ್ನು ಮನುಷ್ಯರು ಓದುವ ಹಾಗೆ ಹೊರಗೆ ತರುವುದಕ್ಕೆ ಮಾತ್ರ ನನ್ನ ಅರ್ಧ ಆಯುಷ್ಯ ಹೋಯಿತು.

ಆಗ ನಮ್ಮ ಮುಖ್ಯಸ್ಥರು ಪಾಟೀಲ ಸಾಹೇಬರು. ಎತ್ತರದ ಆಳು, ದೊಡ್ಡ ದನಿ, ಇನ್ನೂ ದೊಡ್ಡ ಮನಸ್ಸು. ಹೊಸ ಭಾಷೆ ಕಲಿಯಲು ತರಬೇತಿಗೆ ಹೋಗಬೇಕೆಂಬ ಆದೇಶ ಬಂದ ದಿನ ಅವರು ನನ್ನನ್ನು ಕರೆದರು.

"ಇದೇನ್ರೀ ಮೇಡಂ, ಆರು ಭಾಷೆ ಕಲೀಬೇಕಂತ? ನಮ್ಮೂರಾಗ ಕನ್ನಡ, ಉರ್ದು, ಮರಾಠಿ, ತೆಲುಗು, ನಾಕ ಅವ. ಇನ್ನೆರಡು ಎಲ್ಲಿಂದ ತರೂಣು?"

"ಆರು ಅಲ್ರೀ ಸರ, ಆರ್. ಭಾಷೆ ಒಂದ, ಅದರ ಹೆಸರೇ ಆರ್. ಲೆಕ್ಕದ ಭಾಷೆ."

"ಒಂದಕ್ಕ ಆರ್ ಅಂತ ಹೆಸರಿಟ್ಟವ್ರು ಲೆಕ್ಕ ಏನು ಕಲಸ್ತಾರ್ರೀ?" ಅಂದರು. ಆದರೂ ಸಹಿ ಹಾಕಿದರು.

ತರಬೇತಿ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ನಾನು ಮಾಡಿದ ಮೊದಲ ದೊಡ್ಡ ಕೆಲಸ ತೊಗರಿಯದು. ಒತ್ತಾಗಿ ಬಿತ್ತುವ ಒಂದು ಗಿಡ್ಡ ತಳಿ ಬಂದಿತ್ತು. ಹೆಕ್ಟೇರಿಗೆ ಒಂದು ಲಕ್ಷ ಗಿಡ ಇರಬೇಕು ಎಂಬುದು ನಮ್ಮ ಶಿಫಾರಸು. ಕರಪತ್ರದ ವಾಕ್ಯಗಳನ್ನೂ ಯಂತ್ರದಿಂದಲೇ ಜೋಡಿಸಿ ತೆಗೆದೆ. ಒಂದು ಲಕ್ಷದಂಥ ದುಂಡು ಸಂಖ್ಯೆ ಸಿಕ್ಕರೆ ಅದು ಸೊನ್ನೆ ಬರೆಯಲು ಬೇಜಾರು ಮಾಡಿಕೊಂಡು 1e+05 ಅಂತ ಬರೆಯುತ್ತದೆ. ಒಂದರ ಮುಂದೆ ಐದು ಸೊನ್ನೆ ಅಂತ ಅದರರ್ಥ. ನಮ್ಮಂಥವರಿಗೆ ಓದಿ ಓದಿ ರೂಢಿ. ಕಣ್ಣಿಗೆ ಅದು ಲಕ್ಷವೆಂದೇ ಕಂಡಿತು, ಹಾಗೇ ಅಚ್ಚಿಗೆ ಕಳಿಸಿದೆ.

ಶಹಾಬಜಾರದಲ್ಲಿ ನಮ್ಮ ಮನೆಯ ಓಣಿಯಲ್ಲೇ ಗೌಸ್ ಭಾಯ್ ಅವರ ಛಾಪಾಖಾನೆ. ಬಹಳ ಜವಾಬ್ದಾರಿಯ ಮನುಷ್ಯ. ತಪ್ಪು ಕಂಡರೆ ಕೇಳದೆ ತಿದ್ದಿಬಿಡುವಷ್ಟು ಜವಾಬ್ದಾರಿ. ಅಂಕಿಯ ನಡುವೆ ಇಂಗ್ಲಿಷ್ ಅಕ್ಷರ ಕಂಡಿತು, ಟೈಪಿಂಗ್ ತಪ್ಪೆಂದು ತೆಗೆದರು. ಉಳಿದದ್ದು ಒಂದು ಕೂಡಿಸು ಐದು. ರೈತರ ಕೈಗೆ ಕೂಡಿಸುವ ಲೆಕ್ಕ ಕೊಡುವುದು ಚೆನ್ನಾಗಿರದು ಅಂತ ತಾವೇ ಕೂಡಿಸಿದರು. "ಹೆಕ್ಟೇರಿಗೆ 6 ಗಿಡಗಳನ್ನು ಕಾಪಾಡಿಕೊಳ್ಳಿ" ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಒಂದು ಕಟ್ಟು ನೇರ ಧಾನ್ಯದ ಪೇಟೆ ನೆಹರು ಗಂಜಿಗೆ ಹೋಗಿ ದಾಲ್ ವ್ಯಾಪಾರಿಗಳ ಅಂಗಡಿ ಗೋಡೆಗಳ ಮೇಲೆ ಅಂಟಿತು.

ಮಧ್ಯಾಹ್ನದ ಹೊತ್ತಿಗೆ ರುಮಾಲಿನ ಹಿರಿಯರೊಬ್ಬರು ಕರಪತ್ರ ಹಿಡಿದು ಕಚೇರಿಗೆ ಬಂದರು. "ಸಾಹೇಬ್ರ, ಆರು ಗಿಡ ಹಚ್ಚತೀನ್ರಿ. ಉಳಿದ ಹೊಲದಾಗ ಏನ ಮಾಡ್ಲಿ ಅದನ್ನೂ ಬರೀರಿ. ಹುಡುಗ್ರು ಕ್ರಿಕೆಟ್ ಆಡ್ತೀವಿ ಅನ್ನಾಕತ್ತಾರ."

ಪಾಟೀಲ ಸಾಹೇಬರು ಕರಪತ್ರ ನೋಡಿದರು, ನನ್ನನ್ನು ನೋಡಿದರು, ಜೀಪಿನ ಕೀಲಿ ತೆಗೆದುಕೊಂಡರು. ಅಂದು ನಾವಿಬ್ಬರೂ ಗಂಜಿನಲ್ಲಿ ಚೀಲಗಳ ನಡುವೆ ಓಡಾಡಿ ಗೋಡೆಯಿಂದ ಕರಪತ್ರ ಕೆರೆದೆವು. ಗೌಸ್ ಭಾಯ್ ಕೂಡ ಬಂದು ಕೆರೆದರು. "ಮೇಡಂ, ಮೈನೇ ತೋ ಸಹೀ ಜೋಡಾ ಥಾ" ಅನ್ನುತ್ತಲೇ ಇದ್ದರು. ಒಂದು, ಐದು, ಆರು. ಅವರ ಕೂಡಿಸುವಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ಅಂದಿನಿಂದ ಕಚೇರಿಯ ಹೊರಗೆ ಹೋಗುವ ಪ್ರತಿ ಅಂಕಿಯನ್ನೂ ನಾನು ಗಟ್ಟಿಯಾಗಿ ಓದತೊಡಗಿದೆ. ಓದಲು ನಾಲಿಗೆ ತೊಡರಿದರೆ ಯಂತ್ರಕ್ಕೆ ತಿಳಿಸಿ ಹೇಳಬೇಕು: ಸೊನ್ನೆ ಪೂರಾ ಬರೆ, ದಶಾಂಶ ಒಂದೇ ಇಡು. ಹೇಳದಿದ್ದರೆ ಅದು ತನಗೆ ತಿಳಿದಂತೆ ಬರೆಯುತ್ತದೆ.

ಆಮೇಲೆ ಬಂದದ್ದು ಕಮಲಾಪುರದ ಕೆಂಪು ಬಾಳೆ. ಅದು ಪಾಟೀಲ ಸಾಹೇಬರು ನಿವೃತ್ತಿಗೆ ಮುಂಚೆ ಹಿಡಿದ ಕೊನೆಯ ಪ್ರಯೋಗ. ಬೇಸಿಗೆಯಲ್ಲಿ ಬಾಳೆಯ ಬುಡದ ತೇವ ಆರದಂತೆ ಕಾಪಾಡಬೇಕು. ಮೇಲಿನ ಕಚೇರಿಯವರು ಪ್ಲಾಸ್ಟಿಕ್ ಹಾಳೆ ಹಾಸಬೇಕು ಅನ್ನುತ್ತಿದ್ದರು. ಕಮಲಾಪುರದಲ್ಲಿ ಕೆಲವರು ತೊಗರಿ ಹೊಟ್ಟನ್ನೇ ಬುಡಕ್ಕೆ ದಪ್ಪನಾಗಿ ಹೊದಿಸುತ್ತಿದ್ದರು. ಎರಡನ್ನೂ, ಏನೂ ಹೊದಿಸದ ಬಾಳೆಯನ್ನೂ ಪಕ್ಕಪಕ್ಕಕ್ಕಿಟ್ಟು ಗೊನೆ ತೂಗಿ ನೋಡೋಣ ಅಂತ ಸಾಹೇಬರು ಹಟ ಹಿಡಿದು ಒಪ್ಪಿಗೆ ತಂದಿದ್ದರು. ಹೊಟ್ಟು ಗೆದ್ದರೆ ಅಲ್ಲಿನವರು ಅದನ್ನೇ ಮುಂದುವರಿಸಬಹುದು. ಸೋತರೆ ಎಲ್ಲರೂ ಪ್ಲಾಸ್ಟಿಕ್ ಕೊಳ್ಳಬೇಕು.

ಹೊಟ್ಟು ಹೊದಿಸುವವರಲ್ಲಿ ಮುಖ್ಯರು ಕಾಶಿಬಾಯಿ. ಗಂಡನೂ ಮಕ್ಕಳೂ ಇದ್ದರೂ ಬಾಳೆ ತೋಟದ ಯಜಮಾನಿಕೆ ಅವರದೇ. ಮೊದಲ ವರ್ಷದ ಫಲಿತಾಂಶ ಹೇಳಲು ಕಮಲಾಪುರದಲ್ಲಿ ಸಭೆ ಇಟ್ಟೆವು. ಪ್ರತಿ ರೈತರಿಗೂ ಅವರ ಹೆಸರಿನ ಚೀಟಿ ಅಚ್ಚು ಹಾಕಿ ಕುರ್ಚಿಗೆ ಅಂಟಿಸುವ ಜವಾಬ್ದಾರಿ ನನ್ನ ಸಹಾಯಕ ಮಲ್ಲಿಕಾರ್ಜುನನದು. ನಮ್ಮ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಹೆಸರುಗಳನ್ನು ಕಡತಕ್ಕೆ ಉಳಿಸಿದರೆ ಅಕ್ಷರದ ಬದಲು ಅಕ್ಷರದ ಗುಟ್ಟಿನ ಸಂಖ್ಯೆ ಬರುತ್ತಿತ್ತು. ಕಾಶಿಬಾಯಿ ತಮ್ಮ ಕುರ್ಚಿ ಹುಡುಕಿ ಹುಡುಕಿ ಸಾಕಾಗಿ ನನ್ನ ಬಳಿ ಬಂದರು. ಕುರ್ಚಿಯ ಮೇಲೆ <U+0C95><U+0CBE><U+0CB6> ಅಂತ ಶುರುವಾಗಿ ಚೀಟಿ ಸಾಲದೆ ಸಾಲು ಮಡಚಿಕೊಂಡಿತ್ತು.

"ಇದು ನನ್ನ ಹೆಸರೇನ್ರಿ ಬಾಯಿ? ಮದಿವ್ಯಾಗ ನಮ್ಮ ಅತ್ತಿ ಮನಿಯವ್ರೂ ನನ್ನ ಹೆಸರು ಬದಲಿಸಿದ್ರು. ಆದ್ರ ಇಷ್ಟು ಕೆಡಿಸಿದ್ದಿಲ್ಲ."

ಪೆನ್ನು ತೆಗೆದು ಕೈಯಲ್ಲೇ ಬರೆದುಕೊಟ್ಟೆ. ಅಷ್ಟರಲ್ಲಿ ವೇದಿಕೆಯ ಮೇಲೆ ಇನ್ನೊಂದು ಅನಾಹುತ ಶುರುವಾಗಿತ್ತು.

ನಮ್ಮ ಈ ಭಾಷೆ ಕೋಷ್ಟಕವನ್ನು ಕಡತಕ್ಕೆ ಉಳಿಸುವಾಗ, ಬೇಡ ಅಂತ ಹೇಳದಿದ್ದರೆ, ಎಡಗಡೆ ತಾನಾಗಿಯೇ ಒಂದು ಕಂಬಸಾಲು ಸೇರಿಸಿ ಒಂದು, ಎರಡು, ಮೂರು ಅಂತ ಕ್ರಮಸಂಖ್ಯೆ ಹಾಕುತ್ತದೆ. ಅದಕ್ಕೆ ತಲೆಬರಹ ಇರುವುದಿಲ್ಲ. ಮಲ್ಲಿಕಾರ್ಜುನ ಖಾಲಿ ತಲೆ ನೋಡಿ ಮರುಗಿ, ಅಲ್ಲಿ "ಗೊನೆಯ ತೂಕ" ಅಂತ ಬರೆದಿದ್ದ. ಆ ಲೆಕ್ಕದಲ್ಲಿ ಪಟ್ಟಿಯ ಕೊನೆಯಲ್ಲಿದ್ದವರೇ ಎಲ್ಲರಿಗಿಂತ ಮೇಲು. ಕೊನೆಯಲ್ಲಿದ್ದವರು ಬಂಡೆಪ್ಪ, ಇಪ್ಪತ್ತೆಂಟನೇ ಸಾಲು. ಕೆಂಪು ಬಾಳೆ ಇಪ್ಪತ್ತೆಂಟು ಕಿಲೋ ತೂಗಿತೆಂದು ಓದಿ ಪಾಟೀಲ ಸಾಹೇಬರಿಗೆ ಎಷ್ಟು ಸಂತೋಷವಾಯಿತೆಂದರೆ, ನನ್ನನ್ನು ಕೇಳುವ ವ್ಯವಧಾನವೂ ಉಳಿಯಲಿಲ್ಲ. ಬಂಡೆಪ್ಪನವರನ್ನು ಕರೆದು ಮಾಲೆ ಹಾಕಿ ಶಾಲು ಹೊದಿಸಿದರು.

"ಹೇಳ್ರಿ ಬಂಡೆಪ್ಪನೋರ, ಇಷ್ಟು ದೊಡ್ಡ ಗೊನಿ ತಗದ್ರಲ್ಲ, ಏನು ಮಾಡಿದ್ರಿ?"

"ನಾ ಏನೂ ಮಾಡಿಲ್ರೀ" ಅಂದರು ಬಂಡೆಪ್ಪ.

"ನೋಡ್ರಿ ಎಲ್ಲಾರೂ! ಎಷ್ಟು ವಿನಯ!" ಸಾಹೇಬರು ಚಪ್ಪಾಳೆ ತಟ್ಟಿಸಿದರು.

"ವಿನಯ ಅಲ್ರೀ ಸಾಹೇಬ್ರ. ಖರೇನ ಏನೂ ಮಾಡಿಲ್ಲ. ಮೋಟರು ಸುಟ್ಟಿತ್ತು, ನೀರೂ ಬಿಟ್ಟಿಲ್ಲ. ಅರ್ಧ ಗಿಡ ಗಾಳಿಗೆ ಬಿದ್ದಾವ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಹಿಂದಿನಿಂದ ಕಾಶಿಬಾಯಿ ಎದ್ದು, "ಅವನ ಗೊನಿಗಿಂತ ನನ್ನ ಕೈಚೀಲ ವಜ್ಜ ಅದ" ಅಂದರು. ನಾನು ವೇದಿಕೆಗೆ ಓಡಿ ಕೋಷ್ಟಕ ನೋಡಿದೆ. ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರ ಮುಖ ಒಂದು ಕ್ಷಣ ಬಾಳೆಯ ಬಣ್ಣಕ್ಕೇ ತಿರುಗಿತು. ಆದರೆ ಮೈಕು ಬಿಡಲಿಲ್ಲ. "ತಪ್ಪಾಗ್ಯಾದ್ರಿ. ಸಾಲಿನ ನಂಬರ ಓದೀವಿ, ತೂಕ ಓದಿಲ್ಲ" ಅಂತ ಎಲ್ಲರೆದುರೇ ಹೇಳಿದರು. ನಿಜವಾದ ತೂಕದ ಕಂಬಸಾಲಿನಲ್ಲಿ ಮೊದಲು ಬಂದವರು ಕಾಶಿಬಾಯಿ.

ಈಗ ಶಾಲಿನ ಪ್ರಶ್ನೆ. ಬಂಡೆಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಹೊಚ್ಚಿದ ಶಾಲು ತಿರುಗಿ ತಗೀಬಾರದ್ರೀ, ಅಪಶಕುನ." ಮಲ್ಲಿಕಾರ್ಜುನ ಇನ್ನೊಂದು ಶಾಲು ತರಲು ಹೊರಟ. ಕಾಶಿಬಾಯಿ ತಡೆದರು.

"ನನಗ ಶಾಲು ಬ್ಯಾಡ. ಪ್ಲಾಸ್ಟಿಕ್ ಛಲೋನೋ ಹೊಟ್ಟು ಛಲೋನೋ, ಅದೊಂದು ಹೇಳ್ರಿ ಸಾಕು."

"ಒಂದು ವರ್ಷದ ಬೆಳಿ ನೋಡಿ ಹೇಳಾಕ ಬರೂದಿಲ್ಲವಾ. ಇನ್ನೆರಡು ಬೆಳಿ ನೋಡೂಣು" ಅಂದರು ಸಾಹೇಬರು. ಹೇಳಲೇಬೇಕಾದ ಮಾತು ಅದು. ಆದರೆ ಹೇಳುವಾಗ ಅವರಿಗೆ ಕಷ್ಟವಾದದ್ದು ನನಗೆ ಕಂಡಿತು.

ಇನ್ನೆರಡು ಬೆಳೆಯೂ ಕೈಗೆ ಬಂದವು. ಮೇಲಿನವರಿಗೆ ಫಲಿತಾಂಶ ಕಳಿಸಬೇಕಾದ ದಿನ ಬಂತು. ತಡವಾದರೆ ಪ್ಲಾಸ್ಟಿಕ್ ಹಾಳೆಯ ಶಿಫಾರಸೇ ಕಾಯಂ ಆಗುವುದಿತ್ತು. ಅಂದು ಸಾಹೇಬರು ಬೆಳಿಗ್ಗೆಯಿಂದ ನನ್ನ ಕುರ್ಚಿಯ ಹಿಂದೆಯೇ ಅಡ್ಡಾಡುತ್ತಿದ್ದರು.

ನಮ್ಮ ಭಾಷೆಯಲ್ಲಿ ಸಿಂಕ್ ಅಂತ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ತೆರೆಯ ಮೇಲೆ ಬರಬೇಕಾದ ಉತ್ತರಗಳೆಲ್ಲ ತೆರೆಗೆ ಬಾರದೆ ನೇರ ಒಂದು ಕಡತಕ್ಕೆ ಇಳಿಯುತ್ತವೆ. ಕೆಲಸ ಮುಗಿದ ಮೇಲೆ ಅದೇ ಆಜ್ಞೆಯನ್ನು ಬರಿದಾಗಿ ಕೊಟ್ಟು ಮುಚ್ಚಬೇಕು. ಮುಚ್ಚುವ ತನಕ ತೆರೆ ಮೂಕ. ನಾನು ಎಲ್ಲ ಆಜ್ಞೆಗಳನ್ನೂ ಸಾಲಾಗಿ ಬರೆದು, ಕೊನೆಯಲ್ಲಿ ಮುಚ್ಚುವುದನ್ನೂ ಬರೆದು, ಓಡಿಸುವ ಗುಂಡಿ ಒತ್ತಿ ಊಟಕ್ಕೆ ಮನೆಗೆ ಹೋದೆ. ಅದು ನಡುದಾರಿಯಲ್ಲೇ ನಿಂತಿತು. ಕಾರಣ ಆಮೇಲೆ ತಿಳಿಯಿತು: ಒಂದು ಗೊನೆಯ ತೂಕದ ಜಾಗದಲ್ಲಿ ಹೊಲದ ಹುಡುಗರು "ಮಂಗ ತಿಂದಾವ" ಅಂತ ಟೈಪ್ ಮಾಡಿದ್ದರು. ಮಂಗನ ಸರಾಸರಿ ತೆಗೆಯಲು ಯಂತ್ರಕ್ಕೆ ಬರಲಿಲ್ಲ.

ಅದು ರೋಜಾ ಬಡಾವಣೆಯ ದರ್ಗಾದಲ್ಲಿ ಉರುಸಿನ ಜಾತ್ರೆ ನಡೆಯುವ ಸಮಯ. ಊಟ ಮುಗಿಸಿ ಹೊರಟ ನನ್ನ ಆಟೋ ಜನರ ನಡುವೆ ಸಿಕ್ಕಿ ಅಲ್ಲೇ ನಿಂತಿತು. ಇತ್ತ ಸಾಹೇಬರಿಗೆ ತಡೆಯಲಾಗದೆ ನನ್ನ ಕುರ್ಚಿಯಲ್ಲಿ ಕೂತರು. ಉದ್ಧರಣ ಚಿಹ್ನೆಯ ಒಳಗೆ ಏನು ಬರೆದು ಪ್ರಿಂಟ್ ಅಂದರೂ ಯಂತ್ರ ಅದನ್ನೇ ತಿರುಗಿ ಹೇಳುತ್ತದೆ ಅಂತ ನಾನೇ ಒಮ್ಮೆ ತೋರಿಸಿದ್ದೆ. ಅವರು ಕಲಿತದ್ದು ಅದೊಂದನ್ನೇ. ಅದನ್ನೇ ಪ್ರಯೋಗಿಸಿದರು. ಉತ್ತರ ಬರಲಿಲ್ಲ.

ನಾನು ಕಚೇರಿ ಮುಟ್ಟಿದಾಗ ಕೋಣೆಯಲ್ಲಿ ಅರ್ಧ ಕಚೇರಿ ಸೇರಿತ್ತು. ವೋಲ್ಟೇಜು ಅಂತ ಒಬ್ಬರು, ವೈರಸ್ ಅಂತ ಇನ್ನೊಬ್ಬರು. ಮಾನಿಟರಿನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

"ಯಂತ್ರ ಮಾತು ಬಿಟ್ಟದ್ರೀ ಮೇಡಂ!" ಅಂದರು ಸಾಹೇಬರು.

"ಮಾತು ಬಿಟ್ಟಿಲ್ರೀ ಸರ. ಸಿಂಕ್ ತೆರದದ. ಎಲ್ಲಾ ಅದರಾಗ ಹೊಂಟದ."

"ಸಿಂಕಾ?" ಅವರ ದನಿ ಒಡೆಯಿತು. "ನನ್ನ ಮೂರು ವರ್ಷದ ಕೆಲಸ ಬಚ್ಚಲಿಗೆ ಬಿಟ್ಟೀರೇನ್ರೀ?"

ಸಮಾಧಾನ ಹೇಳಿದೆ. ಮಂಗನನ್ನು ತೆಗೆದು, ನಿಂತಲ್ಲಿಂದ ಮುಂದೆ ಓಡಿಸಿ, ಸಿಂಕ್ ಮುಚ್ಚಿದೆ. ಕಡತ ತುಂಬಿ ಬಂದಿತ್ತು. ಹೊತ್ತಾಗಿತ್ತು. ಮೊದಲ ಪುಟ ನೋಡಿದೆ, ಕೊನೆಯ ಪುಟ ನೋಡಿದೆ, ಎರಡೂ ಸರಿಯಿದ್ದವು. "ಸರ, ನೀವು ಇದರಾಗ ಏನರ ಬರದ್ರೇನು?" ಅಂತ ಕೇಳಿದೆ. "ಒಂದೆರಡು ಸಲ ಕರದು ನೋಡಿದೆ, ಅಷ್ಟ" ಅಂದರು. ಕಳಿಸಿದೆ.

ಕೆಲವು ದಿನಗಳ ಮೇಲೆ ವಿಡಿಯೋದಲ್ಲಿ ಪರಿಶೀಲನಾ ಸಭೆ. ಆ ಕಡೆ ನಿರ್ದೇಶಕರು, ಮೈಸೂರು ಕಡೆಯ ಹೆಂಗಸು, ನಗು ಕಡಿಮೆ. ಅವರು ಒಂದೊಂದೇ ಪುಟ ತಿರುವುತ್ತಾ ಬಂದರು.

"ಮೂರನೇ ಕೋಷ್ಟಕ ಆಯಿತು. ಅದರ ಕೆಳಗೆ ಒಂದಷ್ಟು ಸಾಲುಗಳಿವೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಓದಲೇ, ಪಾಟೀಲರೇ?"

ಸಾಹೇಬರು ಏನೂ ತಿಳಿಯದೆ, "ಓದ್ರಿ ಮೇಡಂ" ಅಂದರು.

"ಒಂದು: ನಮಸ್ಕಾರ. ಒಂದು: ನಾನು ಪಾಟೀಲ. ಒಂದು: ಯಾಕ ಮಾತಾಡವಲ್ಲಿ. ಒಂದು: ಊಟ ಆತೇನು. ಒಂದು: ಬಾಯಾಗ ಏನಿಟಗೊಂಡಿ." ಅವರು ಕನ್ನಡಕ ಸರಿಮಾಡಿಕೊಂಡರು. "ಎಲ್ಲಕ್ಕೂ ಮುಂದೆ ಒಂದು ಅಂತಲೇ ಇದೆಯಲ್ಲ, ಎರಡನೆಯದು ಎಲ್ಲಿ?"

ಆ ಒಂದು ಅನ್ನುವುದು ಯಂತ್ರ ಪ್ರತಿ ಉತ್ತರದ ಮುಂದೆ ಹಾಕುವ ಗುರುತು ಅಂತ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಮೇಜಿನ ಕೆಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಬಗ್ಗಿದರು. ಮಲ್ಲಿಕಾರ್ಜುನ ಕರವಸ್ತ್ರ ಬಾಯಿಗೆ ತುರುಕಿಕೊಂಡು ಹೊರಗೆ ಹೋದ. ನಿರ್ದೇಶಕರು ನಿಲ್ಲಿಸಲಿಲ್ಲ.

"ಒಂದು: ಮ್ಯಾಲಿನವ್ರಿಗೆ ಬಾಳಿ ಅಂದ್ರ ಫ್ರಿಡ್ಜಿನಾಗ ಬೆಳೀತದ ಅಂತ ತಿಳದಾರ."

ಆ ಕಡೆ ಕೂತ ಯಾರೋ ಕೆಮ್ಮಿದರು.

"ಒಂದು: ಇವತ್ತು ನೀ ಅಂಕಿ ಕೊಡದಿದ್ರ ಅವ್ರು ಪ್ಲಾಸ್ಟಿಕ್ ಅಂತ ಬರೀತಾರ." ಅವರ ಓದು ನಿಧಾನವಾಯಿತು. "ಒಂದು: ಕಮಲಾಪುರದ ಮಂದಿ ಮೂರು ವರ್ಷ ಕಾದಾರ. ಅವ್ರಿಗೆ ನಾ ಏನಂತ ಹೇಳ್ಲಿ. ಒಂದು: ಬಾಯಿ ಬಿಡೋ ಮಾರಾಯ."

ಸಾಹೇಬರು ಮೇಜಿನ ಕೆಳಗಿಂದ ಎದ್ದು ನೇರ ಕೂತರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. "ಬರದದ್ದು ನಾನ ರೀ ಮೇಡಂ. ಸಿಟ್ಟಿನಾಗ ಬರದೀನಿ. ಆದ್ರ ಆ ಕೊನೀ ಮಾತು ಸಿಟ್ಟಿಂದಲ್ಲ" ಅಂದರು.

"ಹಾಗಾದರೆ ಅದಕ್ಕೆ ಉತ್ತರ ಯಾವ ಕೋಷ್ಟಕದಲ್ಲಿದೆ?"

"ಐದನೇದು ರೀ" ಅಂದೆ ನಾನು. ಐದನೆಯ ಕೋಷ್ಟಕವನ್ನು ಗಟ್ಟಿಯಾಗಿ ಓದಿದೆ. ಹೊಟ್ಟು ಹೊದಿಸಿದ ಬಾಳೆಗೂ ಪ್ಲಾಸ್ಟಿಕ್ ಹಾಸಿದ ಬಾಳೆಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಏನೂ ಹೊದಿಸದ್ದು ಎರಡಕ್ಕಿಂತಲೂ ಹಿಂದೆ. ಮೂರು ಬೆಳೆಯಲ್ಲೂ ಹಾಗೇ. ಅವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಸಾಹೇಬರು ಒಂದೊಂದಕ್ಕೂ ತೋಟದ ಹೆಸರು ಹಿಡಿದು ಉತ್ತರ ಕೊಟ್ಟರು.

ತಿಂಗಳೊಳಗೆ ಆದೇಶ ಬಂತು. ಕಮಲಾಪುರದ ಕೆಂಪು ಬಾಳೆಗೆ ತೊಗರಿ ಹೊಟ್ಟಿನ ಹೊದಿಕೆಯನ್ನೂ ಶಿಫಾರಸು ಮಾಡಬಹುದು, ಪ್ಲಾಸ್ಟಿಕ್ ಕಡ್ಡಾಯವಲ್ಲ. ಕೆಳಗೆ ಇನ್ನೊಂದು ಸಾಲು: "ಮುಂದೆ ಫಲಿತಾಂಶದ ಕಡತಗಳಲ್ಲಿ ಯಂತ್ರದೊಂದಿಗಿನ ಖಾಸಗಿ ಸಂಭಾಷಣೆಯನ್ನು ಸೇರಿಸತಕ್ಕದ್ದಲ್ಲ." ಸಾಹೇಬರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

ಈ ಸಲ ಕರಪತ್ರವನ್ನು ನಾವೇ ಕೂತು ಮಾಡಿದೆವು. ಅಂಕಿ ಮೂರೇ ಮೂರು, ದೊಡ್ಡಕ್ಷರ, ಅಚ್ಚ ಕನ್ನಡ. ಎಷ್ಟು ದಪ್ಪ ಹೊದಿಸಬೇಕು, ಬುಡದಿಂದ ಎಷ್ಟು ದೂರ, ಯಾವಾಗ. ಗೌಸ್ ಭಾಯ್ ಅಚ್ಚಿನ ಕರಡನ್ನು ನನ್ನೆದುರೇ ಮೊದಲಿನಿಂದ ಕೊನೆಯ ತನಕ ಓದಿ, ಏನನ್ನೂ ಕೂಡಿಸದೆ ಅಚ್ಚು ಹಾಕಿದರು. ಕಮಲಾಪುರದ ಓಣಿ ಓಣಿಗೆ ಹಂಚಿ ಬಂದೆವು.

ಬೇಸಿಗೆ ಶುರುವಾಗುವ ಮುಂಚೆ ಒಂದು ದಿನ ಕಾಶಿಬಾಯಿ ಬಸ್ಸು ಹಿಡಿದು ಕಲಬುರಗಿಯ ನಮ್ಮ ಕಚೇರಿಗೇ ಬಂದರು. ಹಣ್ಣು ಕೊಟ್ಟು ಹೋಗಲು ಬಂದಿರಬೇಕು ಅಂತ ನಾವು ಎದ್ದು ನಿಂತೆವು. ಅವರು ಕೂರಲೂ ಇಲ್ಲ.

"ಸಾಹೇಬ್ರ, ನಿಮಗ ಬ್ಯಾರೆ ಕೆಲಸ ಇದ್ದಿಲ್ಲೇನ್ರಿ? ಹೊಟ್ಟಿನ ಸುದ್ದಿ ಕಾಗದದಾಗ ಯಾಕ ಹಾಕಿದ್ರಿ? ನಿನ್ನೆ ಗಂಜಿಗೆ ಹೋಗಿದ್ದೆ. ಹೊಟ್ಟು ಇಲ್ಲಂತ! ನಮ್ಮೂರವ್ರ ಎಲ್ಲಾರೂ ಟ್ರ್ಯಾಕ್ಟರ್ ತಂದು ತುಂಬಕೊಂಡು ಹೋಗ್ಯಾರ. ಆ ಬಂಡೆಪ್ಪನೂ ಎರಡು ಗಾಡಿ ಒಯ್ದಾನ. ನಾ ಕೇಳಿದ್ರ, 'ಇಷ್ಟು ಬೆರಳು ದಪ್ಪ ಹೊಚ್ಚಬೇಕವ್ವಾ, ಬುಡದಿಂದ ಇಷ್ಟು ದೂರ' ಅಂತ ನನಗ ಹೇಳಿಕೊಡ್ತಾನ. ನನಗ!"

ಪಾಟೀಲ ಸಾಹೇಬರು ಬೈಸಿಕೊಳ್ಳುತ್ತಾ ನಿಂತಿದ್ದವರು ಮೆಲ್ಲನೆ ನನ್ನ ಕಡೆ ತಿರುಗಿದರು. ಕಣ್ಣು ಹೊಳೆಯುತ್ತಿದ್ದವು.

"ಮೇಡಂ, ಓದ್ಯಾರ್ರೀ!" ಅಂದರು. "ನಾವು ಬರದದ್ದು ಓದ್ಯಾರ! ಬರದಂಗ ಮಾಡಾಕತ್ತಾರ!"

"ನಾ ಬೈಯಾಕತ್ತೀನಿ, ನೀವು ನಗಾಕತ್ತೀರಲ್ಲ?" ಕಾಶಿಬಾಯಿಯ ದನಿ ಇನ್ನೊಂದು ಮೆಟ್ಟಿಲು ಏರಿತು.

"ಬೈರಿ, ಬೈರಿ" ಅಂದರು ಸಾಹೇಬರು. ತಮ್ಮ ಕುರ್ಚಿಯನ್ನೇ ಎಳೆದು ಅವರಿಗೆ ಹಾಕಿದರು. "ಕುಂತು ಬೈರಿ. ಚಾ ತರಸ್ತೀನಿ."